ಪಿಳ್ಳಮ್ಮನ ಹಂಡೆ

ಮಹದೇವಪುರದ ಮುನಿಆಂಜನಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಆಡಿಕೊಳ್ಳುವುದುಂಟು. ಆಡಿಕೊಳ್ಳಲಿ. ಈ ಯುಗಾದಿಯ ಬೆಳಿಗ್ಗೆ ತಾರಸಿ ಹತ್ತಿ ಅವನು ಕಂಡದ್ದನ್ನು ಕಂಡಿದ್ದರೆ ಎಂಥ ಸಾಧುವಿಗೂ ಮೈ ಉರಿಯುತ್ತಿತ್ತು. ಅವನ ಬಿಸಿನೀರಿನ ತೊಟ್ಟಿಯಲ್ಲಿ ಭಾಮೈದ ಕೆಂಪರಾಜ್ ಹೆಂಡತಿ, ಮಗಳು ಭವ್ಯಳ ಸಮೇತ ಕುತ್ತಿಗೆಮಟ್ಟ ಮುಳುಗಿ ಕುಳಿತಿದ್ದ. ಮೂವರ ಮೈಗೂ ಹರಳೆಣ್ಣೆ. ನೀರಿನ ತುಂಬ ಬೇವಿನೆಲೆ, ಅರಿಶಿನ, ಅದರ ಮೇಲೆ ಒಂದು ಗೇಣು ನೊರೆ.

“ಎದ್ದೇಳ್ರೋ ಮೇಲೆ! ನಿಮ್ಮನೆ ಕಾಯ್ವೋಗ!”

“ಹಬ್ಬದ ದಿನ ಯಾಕ್ ಬಾವ ಬೈತೀರ? ಎಣ್ಣೆ ಸ್ನಾನ ತಾನೇ? ಇದೂ ಒಂದು ಹಂಡೇನೇ ಅಲ್ವಾ?”

ಹಂಡೆಯಂತೆ! ಮುನಿಆಂಜನಪ್ಪ ಆ ತೊಟ್ಟಿಯನ್ನು ಶೋಕಿಗೆ ತಂದವನಲ್ಲ. ಈಗ ಗಾಜಿನ ಕಟ್ಟಡಗಳು ನಿಂತಿರುವ ಕಡೆ ಅವನೂ ಹೆಂಡತಿ ಪಿಳ್ಳಮ್ಮನೂ ಒಂದು ಕಾಲದಲ್ಲಿ ಸೊಪ್ಪು ಬೆಳೆದು ಶಿವಾಜಿನಗರದ ಮಾರುಕಟ್ಟೆಗೆ ಸಾಗಿಸುತ್ತಿದ್ದರು. ಒದ್ದೆ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತೂ ಕಿತ್ತೂ ಪಿಳ್ಳಮ್ಮನ ಮಂಡಿಗಳು ಹಾಳಾದವು. ಹದವಾದ ಬಿಸಿನೀರಲ್ಲಿ ಕೂತರೆ ನೋವು ತಗ್ಗುತ್ತದೆ ಎಂದು ಡಾಕ್ಟರು ಹೇಳಿದ್ದಕ್ಕೆ ಅವನು ತೊಟ್ಟಿ ತಂದ. ಮಾರಿದ ಮಹಾನುಭಾವ “ಸ್ವಿಚ್ ಹಾಕಿದ್ರೆ ಸಾಕು ಸಾರ್” ಎಂದು ಕೈ ತೊಳೆದುಕೊಂಡು ಹೋದ. ನೀರಿಗೆ ಔಷಧಿ ಬೇಕು, ಅಳತೆ ಬೇಕು ಎಂದು ಒಂದು ಮಾತು ಹೇಳಿದ್ದರೆ ಅವನ ಬಾಯಿಂದ ಮುತ್ತು ಉದುರಿಬಿಡುತ್ತಿತ್ತೇ? ನೀರು ಮೆಲ್ಲಗೆ ಕೆಟ್ಟಿತು, ಪಿಳ್ಳಮ್ಮನಿಗೆ ಮೈಯೆಲ್ಲ ಗುಳ್ಳೆ ಎದ್ದವು. ಸಕ್ಕರೆ ಕಾಯಿಲೆಯವಳು ಬೇರೆ. ಹಿಮ್ಮಡಿಯ ಬಳಿ ಒಂದು ಗಾಯ ಮಾಯದೆ ಕೀತು, ಕಾಲೇ ತೆಗೆಯಬೇಕಾಗಬಹುದು ಎಂದರು. ಹೇಗೋ ಕಾಲು ಉಳಿಯಿತು.

ಅಂದಿನಿಂದ ಮುನಿಆಂಜನಪ್ಪ ಆ ನೀರಿಗೆ ಕಾವಲು ಕೂತ. ಬೆಳಿಗ್ಗೆ ಎದ್ದವನೇ ಬಣ್ಣ ಬದಲಿಸುವ ಚೀಟಿಯನ್ನು ನೀರಿಗೆ ಅದ್ದಿ ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಿ ನೋಡುತ್ತಿದ್ದ. ನೀರು ಹುಳಿಯ ಕಡೆ ವಾಲಿದರೆ ಕಣ್ಣು, ಚರ್ಮ ಉರಿಯುತ್ತವೆ. ಕ್ಷಾರದ ಕಡೆ ವಾಲಿದರೆ ಹಾಕಿದ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಟ್ಯಾಂಕರಿನ ಗಡಸು ನೀರಿನ ಸುಣ್ಣವೂ ಹೀಟರಿಗೆ ಕಚ್ಚಿಕೊಳ್ಳುತ್ತದೆ. ಎರಡರ ನಡುವೆ ಹದ ಹಿಡಿಯಬೇಕು, ಫಿಲ್ಟರನ್ನು ಆಗಾಗ ಬಿಚ್ಚಿ ತೊಳೆಯಬೇಕು. ಚೀಟಿಯ ಬಣ್ಣ ಸರಿಬಂದ ಮೇಲೆಯೇ ಪಿಳ್ಳಮ್ಮ ನೀರಿಗಿಳಿಯಬೇಕು, ಮಿಕ್ಕವರು ತೊಟ್ಟಿಯ ಹತ್ತಿರ ಸುಳಿಯಕೂಡದು. ಇಷ್ಟೆಲ್ಲ ಕಾದ ನೀರಿಗೆ ಈ ಕೆಂಪರಾಜ್ ಕೆ.ಆರ್. ಪುರದಿಂದ ಎಣ್ಣೆ ಬಳಿದುಕೊಂಡು ಇಳಿಯಲೆಂದೇ ಬಂದಿದ್ದ!

“ಹಂಡೆ ನೀರು ಮೈಮೇಲೆ ಬಿದ್ದು ಮೋರಿಗೆ ಹೋಗ್ತದೆ ಕಣೋ! ಇದು ಎಲ್ಲಿಗೂ ಹೋಗಲ್ಲ, ಇಲ್ಲೇ ಇರ್ತದೆ. ನೀನು ಬಿಟ್ಟ ಜಿಡ್ಡಲ್ಲೇ ನಾಳೆ ನಿಮ್ಮಕ್ಕ ಕೂತ್ಕೋಬೇಕು. ಊರ ಕೆರೆಗೂ ಹಿಂಗೇ ಮಾಡಿದ್ರಿ. ನಮ್ದೊಂದು ಮೋರಿ ಪೈಪು ತಾನೇ ಅಂತ ಎಲ್ರೂ ಬಿಟ್ರಿ, ಈಗ ರೋಡ್ ತುಂಬ ನೊರೆ ಹಾರಾಡ್ತದೆ!”

ಕೆಂಪರಾಜ್ ಮೈಗಂಟಿದ ಬೇವಿನೆಲೆ ಕೀಳುತ್ತಾ ಮೇಲೆದ್ದ. ಅಷ್ಟರಲ್ಲಿ ಪಿಳ್ಳಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದಳು.

“ಅವ್ರನ್ನ ಬೈಬೇಡ್ರೀ. ನಾನೇ ಕೂತ್ಕೊಳ್ಳಿ ಅಂದಿದ್ದು. ಬೇವಿನೆಲೆ, ಅರಿಶಿನ ಹಾಕಿದ್ದೂ ನಾನೇ. ಗಂಗಮ್ಮಂಗೆ ಪೂಜೆ ಮಾಡಿ ಒಂದು ಲೋಟ ಹಾಲೂ ಬಿಟ್ಟೆ.”

“ಹಾಲು!” ಮುನಿಆಂಜನಪ್ಪ ಅಲ್ಲೇ ಕಟ್ಟೆಯ ಮೇಲೆ ಕುಸಿದ. “ನಿಂಗೆ ಬುದ್ಧಿ ಇದ್ಯೇನೇ? ಆ ಗಾಯ ಮರ್ತೋಯ್ತಾ? ಯಾರ ಕಾಲಿಗೋಸ್ಕರ ನಾನು ಹಿಂಗೆ ಸಾಯ್ತಿರೋದು?”

“ಮರ್ತಿಲ್ಲ. ಈ ನೀರು ನನ್ ಕಾಲಿಗೆ ಹಿತವಾಗೇ ಇದೆ. ನಂಗೇ ಆಗ್ತಿಲ್ಲ. ದಿನಾ ಸಂಜೆ ಬೇಯೋಕಿಟ್ಟ ಗೆಣಸಿನ ಥರ ಒಬ್ಳೇ ಕೂತಿರ್ತೀನಿ. ಯಾರಾದ್ರೂ ಹತ್ರ ಬಂದ್ರೆ ಓಡಿಸ್ತೀರ. ನಮ್ಮತ್ತೆ ಇದ್ದಾಗ ಹಬ್ಬದ ದಿನ ಹಂಡೆ ಹತ್ರ ಎಷ್ಟ್ ಜನ ಇರ್ತಿದ್ವಿ! ನೀವು ಆ ಚೀಟಿ ನೋಡ್ತೀರ ಹೊರ್ತು ನನ್ ಮುಖ ನೋಡಿದ್ದೀರಾ?”

ಬೈಯಲು ಯಾರೂ ಉಳಿಯಲಿಲ್ಲವೆಂದು ಮುನಿಆಂಜನಪ್ಪನಿಗೆ ಸಿಟ್ಟು ಇನ್ನೂ ಏರಿತು. ಆ ಎಣ್ಣೆ, ಹಾಲಿನ ಮೇಲೆ ಎಷ್ಟು ಕ್ಲೋರಿನ್ ಸುರಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಎಂದು ಅವನಿಗೆ ಗೊತ್ತಿತ್ತು. ಅಡಿಯ ನಲ್ಲಿ ತಿರುಗಿಸಿ ನೀರನ್ನೆಲ್ಲ ಬಿಟ್ಟ. ಒಬ್ಬಟ್ಟನ್ನೂ ಮುಟ್ಟದೆ ತೊಟ್ಟಿಯ ಗೋಡೆಗಳ ಜಿಡ್ಡು ತಿಕ್ಕಿದ, ಫಿಲ್ಟರ್ ಕಿತ್ತೆಸೆದ. ಹಬ್ಬಕ್ಕೆ ಟ್ಯಾಂಕರ್ ಬರುವುದಿಲ್ಲ ಎಂದ ನೀರು ಮಾರುವ ಖಾದರನಿಗೂ ಫೋನಿನಲ್ಲಿ ಬೈಗುಳದ ಪಾಲು ಸಿಕ್ಕಿತು. ಪಿಳ್ಳಮ್ಮ ಮಂಡಿ ಒತ್ತಿಕೊಳ್ಳುತ್ತಾ ಕೆಳಗೆ ಕೂತಿದ್ದಳು.

ಹೊಸ ನೀರು ತುಂಬಿ, ಚೀಟಿಯ ಬಣ್ಣಗಳು ಹದಕ್ಕೆ ಬಂದ ದಿನ ಅವನೇ ಕೆಂಪರಾಜನಿಗೆ ಫೋನು ಮಾಡಿದ.

“ಬನ್ರೋ ಎಲ್ಲಾ. ಆದ್ರೆ ಮೊದ್ಲು ಸೀಗೆಕಾಯಿ ಹಾಕಿ ತಿಕ್ಕಿ, ಚೆನ್ನಾಗಿ ನೀರು ಹುಯ್ಕೊಂಡ್ ಬರ್ಬೇಕು. ಜಿಡ್ಡು ಕಂಡ್ರೆ ಚರ್ಮ ಸುಲೀತೀನಿ!”

ಬಂದರು. ಮುನಿಆಂಜನಪ್ಪ ತಾರಸಿಯ ಬಾಗಿಲಲ್ಲೇ ನಿಂತು ಒಬ್ಬೊಬ್ಬರ ತೋಳಿಗೂ ಬೆರಳು ತಿಕ್ಕಿ ನೋಡಿ ಒಳಗೆ ಬಿಟ್ಟ. ಭವ್ಯ ಅದೇನೋ ಹೇಳಿದ್ದಕ್ಕೆ ಪಿಳ್ಳಮ್ಮ ನೀರಲ್ಲಿ ಕೂತು ಗಟ್ಟಿಯಾಗಿ ನಕ್ಕಳು. ಆಮೇಲೆ ಗಂಡನ ಕಡೆ ತಿರುಗಿದಳು.

“ನೀವೂ ಬನ್ನಿ. ಆ ಚೀಟಿ ಕೆಳಗಿಡ್ರೀ.”

ಅಷ್ಟು ಕಾಲ ಆ ನೀರನ್ನು ಕಾದವನು ಒಂದು ದಿನವೂ ಅದಕ್ಕೆ ಕಾಲಿಟ್ಟಿರಲಿಲ್ಲ. ತೊಟ್ಟಿ ಮಾರಿದವನನ್ನೂ ಕೆರೆ ಕೆಡಿಸಿದವರನ್ನೂ ಬೈಯುತ್ತಲೇ ಮೂಲೆಯ ನಲ್ಲಿಯ ಕೆಳಗೆ ಮೈಕೈ ತಿಕ್ಕಿ ತೊಳೆದುಕೊಂಡು ಬಂದು ಇಳಿದ. ಪಿಳ್ಳಮ್ಮನ ಊದಿದ ಮಂಡಿ ಅವನ ಮಂಡಿಗೆ ತಾಗಿತು.

“ಬಿಸಿ ಜಾಸ್ತಿ ಆಯ್ತೇನೇ?” ಎಂದು ಅವಳ ಮುಖ ನೋಡಿ ಕೇಳಿದ.