ಗಂಟಲಿಳಿಯದ ತುತ್ತು

ಮ್ಯಾನ್‌ಹೈಮ್‌ನಲ್ಲಿ ನಮ್ಮವರು ಡಾಕ್ಟರಾಗಿದ್ದ ಆಸ್ಪತ್ರೆಗೆ ಒಬ್ಬ ಹಳೆಯ ಸಿನಿಮಾ ನಟರು ಹರ್ನಿಯಾ ಆಪರೇಷನ್ನಿಗೆ ಬಂದು ಸೇರಿದಾಗ, ಆ ಮಹಡಿಯ ನರ್ಸುಗಳು ತಲೆ ಬಾಚಿಕೊಂಡದ್ದೇ ಬಾಚಿಕೊಂಡದ್ದು. ನನಗೆ ಅವರು ಯಾರೆಂದೇ ಗೊತ್ತಿರಲಿಲ್ಲ. ನಾನು ಮದುವೆಯಾಗಿ ಜರ್ಮನಿಗೆ ಬಂದದ್ದು ಅರವತ್ತರ ದಶಕದ ಕೊನೆಗೆ. ಅವರು ಮೆರೆದದ್ದು ಅದಕ್ಕೂ ಮುಂಚೆ, ದೊಡ್ಡ ಸ್ಟುಡಿಯೋಗಳ ಕಾಲದಲ್ಲಿ. ಮೆರೆದದ್ದು ಅಂದರೂ ಪೂರ್ತಿ ನಾಯಕರಲ್ಲ. ಕೊನೆಯ ರೀಲಿನಲ್ಲಿ ಹುಡುಗಿಯನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟು, ಹ್ಯಾಟು ಎತ್ತಿ ನಕ್ಕು ಹೊರಟುಹೋಗುವ ಪಾತ್ರಗಳು. ಇದನ್ನು ಆಮೇಲೆ ಅವರೇ ನನಗೆ ಹೇಳಿದ್ದು.

ನಮ್ಮವರು ಮಾಂಸ ಮುಟ್ಟದವರು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವರಿಗೆ ಸಿಗುತ್ತಿದ್ದದ್ದು ಬೇಯಿಸಿದ ಆಲೂಗಡ್ಡೆ ಮತ್ತು ಸಹಾನುಭೂತಿ. ಹಾಗಾಗಿ ನಾನೇ ಟ್ರಾಮು ಹಿಡಿದು ಟಿಫನ್ ಕ್ಯಾರಿಯರ್ ಒಯ್ಯುತ್ತಿದ್ದೆ. ಅವತ್ತು ತಂದಿದ್ದದ್ದು ಉಪ್ಪಿಟ್ಟು. ರವೆ ಅಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಜರ್ಮನರು ಅದನ್ನು ಹಾಲು ಸಕ್ಕರೆಯಲ್ಲಿ ಬೇಯಿಸಿ ಮಕ್ಕಳಿಗೆ ಕೊಡುತ್ತಾರೆ. ಸಾಸಿವೆಯೂ ಸಿಗುತ್ತದೆ. ಕರಿಬೇವಿನ ಆಸೆಯನ್ನು ಮಾತ್ರ ಊರಲ್ಲೇ ಬಿಟ್ಟು ಬರಬೇಕು.

ನಮ್ಮವರು ಆಪರೇಷನ್ ಥಿಯೇಟರಿನಲ್ಲಿದ್ದರು. ನಾನು ಕಾರಿಡಾರಿನ ಬೆಂಚಿನ ಮೇಲೆ ಕಾಯುತ್ತ ಕೂತಿದ್ದೆ. ಡಾಕ್ಟರು ನಡೆದಾಡಲು ಹೇಳಿದ್ದರೆಂದು ಆ ನಟರು ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಬಂದು, ನನ್ನೆದುರು ನಿಂತು, ಆ ಡಬ್ಬಿಯಲ್ಲೇನಿದೆ ಎಂದು ಕೇಳಿದರು. ಹಸಿದವರು ಕೇಳಿದರೆ ಮುಚ್ಚಿಟ್ಟುಕೊಳ್ಳಲು ಆಗುತ್ತದೆಯೇ? ತೆಗೆದುಕೊಟ್ಟೆ. ಕಿಟಕಿಯ ಹತ್ತಿರ ನಿಂತೇ ಅಷ್ಟನ್ನೂ ತಿಂದು, ಡಬ್ಬಿಯ ತಳವನ್ನು ಚಮಚದಲ್ಲಿ ಕೆರೆದರು. ಅವತ್ತು ನಮ್ಮವರು ಆಲೂಗಡ್ಡೆ ತಿಂದರು, ಮುಖ ಊದಿಸಿಕೊಂಡು.

ಕೆಲವು ತಿಂಗಳ ಮೇಲೆ ಅವರದೇ ಫೋನು ಬಂತು. ಟೆಲಿವಿಷನ್ನಿನಲ್ಲಿ ಶನಿವಾರ ಮಧ್ಯಾಹ್ನ ಅವರದೊಂದು ಅಡುಗೆ ಕಾರ್ಯಕ್ರಮ ಬರುತ್ತಿತ್ತು. ಯಾರಾದರೂ ಬಂದು ಅಡುಗೆ ಮಾಡುತ್ತಾರೆ, ಇವರು ಮಾತಾಡಿಸುತ್ತಾರೆ, ಕೊನೆಗೆ ತಿಂದು ಹೊಗಳುತ್ತಾರೆ. ಎಲ್ಲ ನೇರ ಪ್ರಸಾರ. ನಾನು ಬಂದು ಅದೇ ಉಪ್ಪಿಟ್ಟು ಮಾಡಬೇಕಂತೆ.

“ಟೀವೀಲಿ ಉಪ್ಪಿಟ್ಟಾ?” ಅಂದರು ನಮ್ಮವರು. “ಮೈಸೂರಲ್ಲಿ ಗೊತ್ತಾದ್ರೆ ನಮ್ಮ ಪ್ರೆಸ್ಟೀಜ್ ಏನಾಗ್ಬೇಕು? ಅಟ್‌ಲೀಸ್ಟ್ ಕೇಸರಿಬಾತಾದ್ರೂ ಮಾಡೇ.”

“ಅವರು ಕೇಳಿದ್ದು ಉಪ್ಪಿಟ್ಟೇ ರೀ,” ಅಂದೆ. ಹಸಿರು ಮೈಸೂರು ರೇಷ್ಮೆ ಉಟ್ಟು ಹೋದೆ. ನಮ್ಮ ಮನೆಯ ಕಪ್ಪು-ಬಿಳುಪು ಟೀವಿ ಪೆಟ್ಟಿಗೆಯಲ್ಲಿ ಅದು ಬೂದಿ ಬಣ್ಣವಾಗಿ ಕಾಣುತ್ತದೆಂದು ಗೊತ್ತಿದ್ದೂ.

ಬೆಳಿಗ್ಗೆ ಒಂದು ಸಲ ತಾಲೀಮು. ನಾನು ಉಪ್ಪಿಟ್ಟು ಇಳಿಸಿದ ಮೇಲೆ ನಿರ್ದೇಶಕ, ಉಪ್ಪು ಸರಿಯಿದೆಯೇ ರುಚಿ ನೋಡಿ ಎಂದ. ಆಗುವುದಿಲ್ಲ ಎಂದೆ. ನಮ್ಮಲ್ಲಿ ಬಡಿಸುವ ಮೊದಲು ಅಡುಗೆಯನ್ನು ಬಾಯಿಗಿಡುವಂತಿಲ್ಲ, ಇಟ್ಟರೆ ಎಂಜಲು. ಅತಿಥಿಗಳು ಉಂಡ ಮೇಲೆ ನಮ್ಮದು. ಎಂಜಲಿಗೆ ಜರ್ಮನ್‌ನಲ್ಲಿ ಏನು ಹೇಳುವುದೋ ತಿಳಿಯದೆ ಕೈಬಾಯಿ ತಿರುಗಿಸಿ ವಿವರಿಸಿದೆ. ಅವನು ನನ್ನನ್ನು ನೋಡಿದ ರೀತಿಯಲ್ಲೇ, ಈಕೆಯ ತಲೆ ಸರಿಯಿಲ್ಲ ಎಂಬ ತೀರ್ಮಾನವಿತ್ತು.

ಆಮೇಲೆ ನಟರು ಒಂದು ಚಮಚ ಬಾಯಿಗಿಟ್ಟರು. ಕಣ್ಣು ಮುಚ್ಚಿದರು, ಅಗಿದರು, ಆಹಾ ಎಂದು ತಲೆದೂಗಿದರು. ಕ್ಯಾಮೆರಾ ಅತ್ತ ತಿರುಗಿದ್ದೇ ತಡ, ಮುಖ ಪಕ್ಕಕ್ಕೆ ಮಾಡಿ ಅಷ್ಟನ್ನೂ ಕರವಸ್ತ್ರದೊಳಗೆ ಉಗಿದರು.

ನನಗೆ ಉರಿದುಹೋಯಿತು. ನನ್ನ ಕೈಯಡುಗೆಯನ್ನು ತಿಂದು ಬೈದವರುಂಟು, ನಮ್ಮತ್ತೆಯವರೇ ಇದ್ದಾರೆ. ಉಗಿದವರಿರಲಿಲ್ಲ. ಮೇಕಪ್ ಕೋಣೆಗೆ ನೇರವಾಗಿ ಹೋಗಿ, ಕಾರಿಡಾರಿನಲ್ಲಿ ತಳ ಕೆರೆದು ತಿಂದವರು ನೀವೇ ತಾನೇ ಎಂದು ಕೇಳಿಬಿಟ್ಟೆ.

ಅವರು ಮುಖಕ್ಕೆ ಬಳಿದಿದ್ದ ಬಣ್ಣದಲ್ಲೂ ಕೆಂಪಾದರು. ಮೆಲ್ಲಗೆ ಎಲ್ಲ ಹೇಳಿದರು. ಸ್ಟುಡಿಯೋ ಕಾಲದಲ್ಲಿ ಊಟದ ದೃಶ್ಯವೆಂದರೆ ಮೇಜಿನ ತುಂಬ ತಿಂಡಿ, ತಿನ್ನಲು ಒಂದೂ ಇಲ್ಲ. ಹುರಿದ ಬಾತುಕೋಳಿಗೆ ಹೊಳಪು ಬರಲೆಂದು ವಾರ್ನಿಷು. ಬೆಳಗಿನಿಂದ ದೀಪಗಳ ಝಳಕ್ಕೆ ಹಳಸಿದ ಪುಡಿಂಗು. ಕೆಲಸದವರು ಕದ್ದು ತಿನ್ನಬಾರದೆಂದು ಹಣ್ಣುಗಳಿಗೆ ಸೀಮೆಎಣ್ಣೆ. ಒಂದೇ ತುತ್ತಿನ ದೃಶ್ಯವನ್ನು ಮತ್ತೆ ಮತ್ತೆ ಚಿತ್ರಿಸುತ್ತಿದ್ದರು, ನುಂಗಿದವನು ಮಾರನೆಯ ದಿನ ಕೆಲಸಕ್ಕೆ ಬರುತ್ತಿರಲಿಲ್ಲ. ಆದ್ದರಿಂದ ಎಲ್ಲರೂ ಸೊಗಸಾಗಿ ಅಗಿದು, ಕಟ್ ಎಂದ ಕೂಡಲೇ ಮೇಜಿನ ಕೆಳಗಿನ ಬಕೀಟಿಗೆ ಉಗಿಯುತ್ತಿದ್ದರು. ಹಾಗೆ ಅಗಿಯುವುದರಲ್ಲಿ ಇವರು ಎತ್ತಿದ ಕೈ ಎಂದು ಹೆಸರು ಮಾಡಿದ್ದರಂತೆ.

ಆಮೇಲೆ ಮನೆಮನೆಗೆ ಟೆಲಿವಿಷನ್ ಬಂತು, ಸ್ಟುಡಿಯೋಗಳು ಬಿಕೋ ಎಂದವು. ವರ್ಷಗಟ್ಟಲೆ ಯಾರೂ ಇವರನ್ನು ಕರೆಯಲಿಲ್ಲ. ಬೇಕರಿಯಲ್ಲಿ ಗುರುತು ಹಿಡಿದವರು, ಇನ್ನೂ ಇದ್ದೀರಾ ಎನ್ನುವಂತೆ ನೋಡುತ್ತಿದ್ದರು. ಕೊನೆಗೆ ಅದೇ ಟೆಲಿವಿಷನ್ನೇ ಕರೆದು ಈ ಕಾರ್ಯಕ್ರಮ ಕೊಟ್ಟಿತು. ಆದರೆ ನೋಡುವವರು ಹತ್ತಿರದಿಂದ ನೋಡುತ್ತಾರೆ. ಈ ಮನುಷ್ಯ ನುಂಗುವುದೇ ಇಲ್ಲ, ನಮಗೆ ಟೋಪಿ ಹಾಕುತ್ತಿದ್ದಾನೆ ಎಂದು ದೂರು ಶುರುವಾಗಿತ್ತು. ಇವತ್ತೂ ನುಂಗದಿದ್ದರೆ ಬೇರೆಯವರನ್ನು ತರುತ್ತೇವೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

“ನುಂಗಬೇಕು ಅಂತಲೇ ಬಾಯಿಗಿಡುತ್ತೇನೆ, ಫ್ರೌ ಡಾಕ್ಟರ್. ಕ್ಯಾಮೆರಾದ ಕೆಂಪು ದೀಪ ಹತ್ತಿದ ಕೂಡಲೇ ಗಂಟಲು ಮುಚ್ಚಿಕೊಳ್ಳುತ್ತದೆ,” ಎಂದರು. “ನಿಮ್ಮದಾದರೆ ಇಳಿಯಬಹುದು ಅಂತ ಕರೆಸಿದೆ.”

ಗಂಡ ಡಾಕ್ಟರಾದರೆ ಹೆಂಡತಿಗೂ ಅಲ್ಲಿ ಆ ಬಿರುದು ಉಚಿತ. ಇಂಟರ್‌ಮೀಡಿಯೆಟ್ ಓದಿದ ನನ್ನ ಹತ್ತಿರ ಆ ಕಾಯಿಲೆಗೆ ಔಷಧಿ ಇರಲಿಲ್ಲ. ಸಿಟ್ಟು ಇಳಿದುಹೋಯಿತು. ತಾಲೀಮಿನಲ್ಲೇ ಇಳಿಯದ್ದು ನೇರ ಪ್ರಸಾರದಲ್ಲಿ ಇಳಿಯುತ್ತದೆಯೇ?

ಮಧ್ಯಾಹ್ನ ಕೆಂಪು ದೀಪ ಹತ್ತಿತು. ಸಾಸಿವೆ ಸಿಡಿಯಿತು, ಈರುಳ್ಳಿ ಬಾಡಿತು, ರವೆ ಬೆಂದಿತು. ಅವರು ನನ್ನನ್ನು ಎಷ್ಟು ಚೆನ್ನಾಗಿ ಮಾತಾಡಿಸಿದರೆಂದರೆ ನನ್ನ ಹರಕು ಜರ್ಮನ್ನೂ ಸಲೀಸಾಗಿ ಹೊರಟಿತು. ತಟ್ಟೆಗೆ ಬಡಿಸಿದೆ. ಅವರು ಒಂದು ಚಮಚ ಬಾಯಿಗಿಟ್ಟರು.

ಅಗಿದರು. ಅಗಿಯುತ್ತಲೇ ಇದ್ದರು. ಕ್ಯಾಮೆರಾ ಹತ್ತಿರ ಬಂತು. ಅವರ ಹಣೆಯ ಬಣ್ಣದ ಮೇಲೆ ಬೆವರು ಮೂಡಿತು, ಎಡಗೈ ಕರವಸ್ತ್ರದ ಕಡೆ ಸರಿಯುತ್ತಿತ್ತು. ನಾನು ಸೌಟು ಹಿಡಿದು, ಅತಿಥಿ ಉಣ್ಣಲಿ ಎಂದು ಮನೆಯಲ್ಲಿ ಕಲಿಸಿದ ಹಾಗೆ ಕಾಯುತ್ತ ನಿಂತಿದ್ದೆ. ಹಾಗೆ ನಿಂತಿದ್ದಾಗಲೇ ಹೊಳೆಯಿತು. ಯಾರೂ ಮುಟ್ಟದ ಊಟದ ಮುಂದೆಯೇ ಈ ಮನುಷ್ಯ ಆಯುಷ್ಯ ಕಳೆದಿದ್ದಾರೆ. ಈಗ ನಾನೂ ಮುಟ್ಟದೆ ನಿಂತಿದ್ದೇನೆ. ಕಾರಿಡಾರಿನಲ್ಲಿ ಕೊಟ್ಟದ್ದು ನಮ್ಮವರ ಹೊಟ್ಟೆಗೆಂದು ಹೊರಟಿದ್ದ ಊಟ. ಇದು ಕ್ಯಾಮೆರಾಕ್ಕೆ ಮಾಡಿದ್ದು.

ಸೌಟು ಕೆಳಗಿಟ್ಟೆ. ಬಾಣಲೆಗೇ ಕೈ ಹಾಕಿ, ಒಂದು ತುತ್ತು ತೆಗೆದು, ಅಷ್ಟು ಜನ ನೋಡುತ್ತಿದ್ದಂತೆ ಬಾಯಿಗೆ ಹಾಕಿಕೊಂಡೆ. ನಮ್ಮತ್ತೆಯವರು ಅಲ್ಲಿದ್ದಿದ್ದರೆ ಬಾಣಲೆಯ ಜೊತೆ ನನ್ನನ್ನೂ ತೊಳೆಯುತ್ತಿದ್ದರು. ನುಂಗಿದೆ. ಇನ್ನೊಂದು ತುತ್ತು ತೆಗೆದುಕೊಂಡೆ. ಬೆಳಗಿನಿಂದ ಏನೂ ತಿಂದಿರಲಿಲ್ಲ, ನಿಜವಾಗಿ ಹಸಿವಾಗಿತ್ತು.

“ಆರಿದರೆ ಚೆನ್ನಾಗಿರುವುದಿಲ್ಲ. ತಿನ್ನಿ,” ಎಂದೆ.

ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಗಂಟಲ ಮಣಿ ಮೇಲೆದ್ದಿತು, ಅಲ್ಲೇ ಒಂದು ಕ್ಷಣ ನಿಂತಿತು, ಇಳಿಯಿತು. ಅಬ್ಬ, ಬದುಕಿದೆವು ಅನ್ನಿಸಿತು. ಅವರು ಎರಡನೆಯ ಚಮಚ ತಿಂದರು, ಮೂರನೆಯದು ತಿಂದರು, ಹೊಗಳುವುದನ್ನೇ ಮರೆತರು. ಕ್ಯಾಮೆರಾದ ಪಕ್ಕದಲ್ಲಿ ನಿರ್ದೇಶಕ ಮುಗಿಸಿ ಮುಗಿಸಿ ಎಂದು ಕೈಯಾಡಿಸುತ್ತಿದ್ದ. ಕೊನೆಯ ನಮಸ್ಕಾರವನ್ನು ಅವರು ಬಾಯಿ ತುಂಬ ಉಪ್ಪಿಟ್ಟು ಇಟ್ಟುಕೊಂಡೇ ಹೇಳಿದರು.

ದೀಪ ಆರಿದ ಮೇಲೆ ನನ್ನ ಎಣ್ಣೆಗೈಯನ್ನೇ ಹಿಡಿದು, ಹಳೆಯ ಸಿನಿಮಾದ ಠೀವಿಯಲ್ಲಿ ಬಾಗಿ ಮುತ್ತಿಟ್ಟರು. ಮುಖ ಎತ್ತಿದಾಗ ಅವರ ಕಣ್ಣಲ್ಲಿ ನೀರಿತ್ತು. ನನಗೂ ಅಳು ಬಂತು.

ಸಂಜೆ ಮನೆಗೆ ಬಂದರೆ, ಆಸ್ಪತ್ರೆಯಲ್ಲಿ ನರ್ಸುಗಳ ಜೊತೆ ಕೂತು ಎಲ್ಲ ನೋಡಿದ್ದ ನಮ್ಮವರು ಬಾಗಿಲಲ್ಲೇ, “ಬಾಣಲೆಗೇ ಕೈ ಹಾಕಿಬಿಟ್ಯಲ್ಲೇ!” ಅಂದರು. ನಗುತ್ತಿದ್ದರು.

ಮುಂದಿನ ಶನಿವಾರ ಇಬ್ಬರೂ ಮನೆಯಲ್ಲಿದ್ದೆವು. ಅನ್ನ ಹುಳಿ ಬಡಿಸಿಕೊಂಡು ಪೆಟ್ಟಿಗೆಯ ಎದುರು ಕೂತೆವು. ಯಾರೋ ಹೆಂಗಸು ಆಲೂಗಡ್ಡೆಯ ಕಡುಬು ಮಾಡಿದ್ದಳು. ನಟರು ಕಡುಬು ಮುರಿದು ಬಾಯಿಗಿಟ್ಟರು. ಕಲಸಿದ ತುತ್ತು ನಮ್ಮವರ ಕೈಯಲ್ಲೇ ನಿಂತಿತು. ನಾನೂ ತಟ್ಟೆ ಮುಟ್ಟಲಿಲ್ಲ. ಪೆಟ್ಟಿಗೆಯೊಳಗೆ ಅವರು ಪಕ್ಕಕ್ಕೆ ತಿರುಗಿ, ಆ ಹೆಂಗಸಿಗೆ ಏನೋ ಹೇಳಿ, ತಮ್ಮ ತಟ್ಟೆಯಿಂದಲೇ ಅವಳಿಗೊಂದು ಚೂರು ಕೊಟ್ಟರು. ಅವಳು ತಿಂದಳು. ಅವರು ನುಂಗಿದರು.

ಆ ಕಾರ್ಯಕ್ರಮ ಆಮೇಲೆ ಎಷ್ಟೋ ವರ್ಷ ನಡೆಯಿತು, ಅವರಾಗಿಯೇ ಸಾಕೆನ್ನುವ ತನಕ. ಅಷ್ಟು ವರ್ಷವೂ ಶನಿವಾರ ನಮ್ಮ ಮನೆಯಲ್ಲಿ ಅವರ ಮೊದಲ ತುತ್ತು ಇಳಿದ ಮೇಲೆಯೇ ನಾವು ಊಟಕ್ಕೆ ಕೈ ಹಾಕುತ್ತಿದ್ದದ್ದು.