ಗೌರವ್ವನ ಗಿರಣಿಯ ಮೂವತ್ತೊಂದು ಡಬ್ಬಿ

ಗಿರಣಿಯ ಗುಂಡಿ ಒತ್ತುವ ಮೊದಲು ಗೌರವ್ವ ಒಂದು ಹಿಡಿ ಜೋಳವನ್ನು ಅತ್ತೆಯ ಕಾಲದ ಬೀಸುಕಲ್ಲಿಗೆ ಹಾಕಿ ಕೈಯಿಂದಲೇ ಬೀಸುತ್ತಾಳೆ. ಆ ಹಿಟ್ಟನ್ನು ಬಸವಣ್ಣನ ಕಟ್ಟೆಗೆ ಒಯ್ದು, ದೇವರ ಮುಂದಿಟ್ಟು, ಕೈಮುಗಿದು ಬರುತ್ತಾಳೆ. ಬೆಲ್ಟು ತಿರುಗುವುದು ಆಮೇಲೆಯೇ. ಜ್ವರವಿದ್ದ ದಿನವೂ ಅವಳು ಇದನ್ನು ತಪ್ಪಿಸಿದ್ದನ್ನು ಪಕ್ಕದ ಮನೆಯ ನಾನು ಕಂಡಿಲ್ಲ.

ಗಡಹಿಂಗ್ಲಜ ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ದೂರದ ನಮ್ಮೂರಿನಲ್ಲಿ ಇನ್ನೂರ ಆರು ಮನೆಗಳಿವೆ. ಜನಗಣತಿಯವರು ಬಂದಾಗ ಬರುತ್ತಾರೆ. ಗೌರವ್ವನಿಗೆ ಮಾತ್ರ ವಾರವಾರವೂ ಊರಿನ ತಲೆ ಎಷ್ಟೆಂದು ಗೊತ್ತಾಗುತ್ತದೆ. ಒಂದು ಮನೆಯ ಜೋಳದ ಡಬ್ಬಿ ಹಗುರಾದರೆ ಮಗಳು ಗಂಡನ ಮನೆಗೆ ಹೋಗಿದ್ದಾಳೆ, ಭಾರವಾದರೆ ಬಾಣಂತನಕ್ಕೆ ಬಂದಿದ್ದಾಳೆ.

ಊರಿಗೆ ಬೆಳಿಗ್ಗೆ ಏಳೂ ಹತ್ತಕ್ಕೆ ಒಂದು ಎಸ್‌ಟಿ ಬಸ್ಸು, ಸಂಜೆ ಆರಕ್ಕೆ ಅದೇ ಮರಳಿ. ಪೇಟೆಗೆ ಹೋಗುವವರು ಡಬ್ಬಿಯನ್ನು ಗಿರಣಿಯಲ್ಲಿಟ್ಟು ಅಲ್ಲೇ ಬಸ್ಸು ಹತ್ತುತ್ತಾರೆ, ಸಂಜೆ ಇಳಿದು ಹಿಟ್ಟು ಒಯ್ಯುತ್ತಾರೆ. ನಿಲ್ದಾಣದ ಶೆಡ್ಡು ತಿರುವಿನ ಆಚೆ ಇದೆ, ಅಲ್ಲಿಂದ ಗಿರಣಿ ಕಾಣುವುದಿಲ್ಲ. ಅದರಲ್ಲಿ ಕೂತರೆ ಬೆನ್ನು ನೇರವಾಗಿ ಬಸವಣ್ಣನ ಕಡೆಗೆ. ಕಟ್ಟಿ ನಾಲ್ಕು ವರ್ಷವಾದರೂ ಊರವರು ಯಾರೂ ಅಲ್ಲಿ ಕೂತಿಲ್ಲ. ಇದನ್ನು ಬಸ್ ಡಿಪೋಗೆ ತಿಳಿಸಬೇಕೆಂದು ನಮಗೂ ಹೊಳೆದಿರಲಿಲ್ಲ.

ಹೋದ ಶ್ರಾವಣದಲ್ಲಿ, ಮಂದಿ ಸಾಲದೆಂದು ಬೆಳಗಿನ ಬಸ್ಸು ನಿಲ್ಲಿಸುತ್ತಾರೆಂಬ ಸುದ್ದಿ ಬಂತು. ಗೌರವ್ವನ ಮೊಮ್ಮಗಳು ಪ್ರೇರಣಾ ಗಡಹಿಂಗ್ಲಜದಲ್ಲಿ ನರ್ಸಿಂಗ್ ಎರಡನೆಯ ವರ್ಷ ಓದುತ್ತಿದ್ದಳು. ಮನೆಯಲ್ಲಿ ಬೇರೆ ಗಾಡಿಯಿಲ್ಲ. ಬಸ್ಸು ನಿಂತರೆ ಅವಳ ಓದೂ ನಿಲ್ಲುತ್ತಿತ್ತು.

ಹತ್ತುವವರನ್ನು ಎಣಿಸಲು ಡಿಪೋದಿಂದ ಬಂದಿದ್ದ ಸೌರಭ ಮೂರನೆಯ ದಿನ ಬಸ್ಸು ಹೋದ ಮೇಲೆ ನೀರು ಕೇಳಿಕೊಂಡು ಗಿರಣಿಗೆ ಬಂದ. ಗೌರವ್ವನನ್ನು ಮಾವಶಿ, ಎಂದರೆ ಚಿಕ್ಕಮ್ಮ, ಎಂದೇ ಕರೆದ.

“ಮಾವಶಿ, ನಿಮ್ಮೂರಾಗ ಎಸ್‌ಟಿಗೆ ಮಂದೀನ ಇಲ್ಲ ನೋಡ್ರಿ. ಮೂರು ದಿನ ಕುಂತೆ. ದಿನಾ ಇಬ್ಬರೋ ಮೂವರೋ. ಅವರೂ ಊರಿಗೆ ಬಂದ ಬೀಗರು.”

“ಎಲ್ಲಿ ಕುಂತಿದ್ರಿ?”

“ಶೆಡ್ಡಿನಾಗ.”

“ಬಸವಣ್ಣಗ ಬೆನ್ನ ಕೊಟ್ಟು ಮೂರು ದಿನ? ಭಾಳ ಧೈರ್ಯಾ ರೀ ನಿಮ್ದು!” ಎಂದಳು ಗೌರವ್ವ.

ಹಿಟ್ಟಿಗೆ ನಿಂತಿದ್ದ ರಂಗುಬಾಯಿ, “ಅದಕ್ಕ ದೇವರು ಇವರ ಕಣ್ಣಿಗೆ ಮಂದಿ ತೋರಿಸಿಲ್ಲ ಬಿಡವ್ವಾ” ಎಂದು ನಕ್ಕಳು.

ಸೌರಭನ ಮುಖ ಸಣ್ಣದಾಯಿತು. ಗೌರವ್ವ ಅವನನ್ನು ಒಳಗೆ ಕರೆದು ಗೋಡೆಯ ಪಕ್ಕದ ಡಬ್ಬಿಗಳ ಸಾಲು ತೋರಿಸಿದಳು.

“ಇವತ್ತ ಬಸ್ ಹತ್ತಿದವರ ಡಬ್ಬಿ ಇವು. ಎಣಿಸ್ರಿ.”

ಎಣಿಸಿದ. ಮೂವತ್ತೊಂದು. ಒಂದೊಂದರ ಮೇಲೂ ಮನೆಯವರ ಹೆಸರು.

“ಡಬ್ಬಿ ಇಟ್ಟವರೆಲ್ಲಾ ಹತ್ಯಾರಂತ ನಾ ಹೆಂಗ ಬರೀಲಿ, ಮಾವಶಿ?”

“ಬರೀಬ್ಯಾಡ್ರಿ. ಸಂಜೀತನಕ ಇರ್ರಿ. ಬಸ್ಸಿಂದ ಇಳದವರ ಕೈಯಾಗ ಡಬ್ಬಿ ಹೋಗೂದು ನೀವ ನೋಡ್ರಿ.”

ಅವನು ಉಳಿದ. ಮಧ್ಯಾಹ್ನ ನಮ್ಮಲ್ಲೇ ರೊಟ್ಟಿ ತಿಂದ. ಆರಕ್ಕೆ ಬಸ್ಸು ಬಂತು. ಒಂದೊಂದಾಗಿ ಸಾಲು ಕರಗಿತು. ಒಂದು ಡಬ್ಬಿಯೂ ಉಳಿಯಲಿಲ್ಲ. ಅವನು ಕಾಗದದಲ್ಲಿ ಮೂವತ್ತೊಂದು ಎಂದು ಬರೆದು ಪೆನ್ನು ಮುಚ್ಚುವಾಗ ಗೌರವ್ವ ಅದೇ ಬಸ್ಸಿನಿಂದ ಇಳಿದಿದ್ದ ಪ್ರೇರಣಾಳ ಭುಜ ಹಿಡಿದು ಮುಂದೆ ತಂದಳು.

“ಗಿರಣಿ ಮನೀದು, ಅದಕ್ಕ ಡಬ್ಬಿ ಇಲ್ಲ. ಈಕೀನೂ ಬರಕೋರಿ.”

ಸೌರಭ ಮೂವತ್ತೊಂದನ್ನು ಹೊಡೆದುಹಾಕಿ ಮೂವತ್ತೆರಡು ಮಾಡಿದ.

ಹದಿನೈದು ದಿನದ ಮೇಲೆ ಬಸ್ಸು ಮುಂದುವರಿಯುವುದೆಂಬ ಪತ್ರ ತಂದವನೂ ಅವನೇ. ಗಿರಣಿಯ ಎದುರು ನಿಲ್ದಾಣದ ಬೋರ್ಡು ನೆಡಿಸಿ, ಚಹಾ ಕುಡಿಯುತ್ತ, “ಮಾವಶಿ, ನಿಮಗ ಪ್ಯಾಟಿಗೆ ಹೋಗೂದಿದ್ದ ದಿನ ನನಗ ಒಂದು ಫೋನ್ ಹಚ್ರಿ. ನಿಮ್ಮ ಪೂಜಿ ಮುಗಿಯೂತನಕ ಬಸ್ಸ ಹತ್ತ ನಿಮಿಷ ನಿಲ್ಲಸಾಕ ಡ್ರೈವರಿಗೆ ಹೇಳ್ತೇನಿ” ಎಂದ.

ಗೌರವ್ವ ಅವನ ಕಪ್ಪಿಗೆ ಇನ್ನಷ್ಟು ಚಹಾ ಸುರಿದಳು.

“ಬ್ಯಾಡಪಾ. ಹುಡುಗ್ಯಾರಿಗೆ ಕಾಲೇಜ ಹೊತ್ತಿಗೆ ಸಿಗಲಿ. ಆವತ್ತ ನಾನ ಲಗೂ ಏಳ್ತೇನಿ.”