ಎತ್ತಿನ ಕೊರಳಪಟ್ಟಿಯಲ್ಲಿ ಮಾಡಿದ ನನ್ನ ವೇಟ್ ಬೆಲ್ಟ್

ಬಾವಿಯ ನೀರೊಳಗೆ ಸೊಂಟದ ಗಂಟು ಬಿಚ್ಚಲು ಹೋದೆ... ಬರಲಿಲ್ಲ. ಎರಡೂ ಕೈ ಹಾಕಿದೆ. ಆಗಲೂ ಇಲ್ಲ!

ಗಾಬರಿ ಬೇಡ. ರಾಯಚೂರಿನ ಮನೆಯಲ್ಲಿ ಕೂತು ಚಹಾ ಕುಡಿಯುತ್ತಲೇ ಟೈಪ್ ಮಾಡುತ್ತಿದ್ದೇನೆ.

ಮುಂದಿನ ವಾರ ಕಡಲಲ್ಲಿ ನನ್ನ ಮೊದಲ ಸ್ಕೂಬಾ ಡೈವ್. ವೆಟ್‌ಸೂಟ್ ಎಂಬ ರಬ್ಬರ್ ಉಡುಪು ಹಾಕಿದರೆ ಮೈ ಬೆಂಡಿನಂತೆ ತೇಲುತ್ತದೆ, ಅದಕ್ಕೆ ಸೊಂಟಕ್ಕೆ ಸೀಸದ ಬೆಲ್ಟ್. ಸ್ವಂತದ್ದು ತರಬಹುದು, ಆದರೆ ಅಪಾಯವಾದಾಗ ಮೇಲೆ ತೇಲಲು ಅದು ಒಂದೇ ಕೈಯಲ್ಲಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ಇಲ್ಲದಿದ್ದರೆ ದೋಣಿಯಲ್ಲೇ ಕೂರಬೇಕು ಅಂತ ಟ್ರೈನರ್ ಷರತ್ತು.

ನಮ್ಮ ಡೈವಿಂಗ್ ಗ್ರೂಪಿನಲ್ಲಿ ಒಬ್ಬರು ಸೈಕಲ್ ಟ್ಯೂಬ್ ಕತ್ತರಿಸಿ ಅದರಲ್ಲಿ ಉಸಿರಾಟದ ಹೋಸ್ ಕಟ್ಟಿಕೊಳ್ಳುತ್ತಾರೆ. ಇನ್ನೊಬ್ಬರು ಸಿಲಿಂಡರನ್ನು ಬೆನ್ನಿಗೆ ಕಟ್ಟದೆ ಎರಡೂ ಪಕ್ಕೆಗೆ ಒಂದೊಂದು ನೇತುಹಾಕಿಕೊಳ್ಳುತ್ತಾರೆ. ನಾನೂ ಏನಾದರೂ ಹೊಸದು ಮಾಡಬೇಕಲ್ಲ!

ದೇವದುರ್ಗದಲ್ಲಿ ನಮ್ಮ ಮಾಮಾ ಎತ್ತಿನ ಸಾಮಾನು ಮಾರುತ್ತಾರೆ. ಮೂಗುದಾರ, ಗೆಜ್ಜೆ, ಹಗ್ಗ... ಎಲ್ಲಾ.

ಒಂದು ಅಗಲವಾದ ನೂಲಿನ ಕೊರಳಪಟ್ಟಿ ಆರಿಸಿ, ಮೀನಿನ ಬಲೆಗೆ ಹಾಕುವ ಸೀಸದ ಗುಂಡುಗಳನ್ನು ಸಾಲಾಗಿ ಹೊಲಿದುಕೊಟ್ಟರು. ಫೋಟೋ ಹಾಕಿದ್ದೇ ತಡ, ಗ್ರೂಪ್ ತುಂಬ ಹಾರ್ಟು!

ಟೆಸ್ಟ್ ಮಾಡಲು ಮಾನ್ವಿ ಹತ್ತಿರ ದೊಡ್ಡವ್ವನ ಹೊಲದ ಬಾವಿಗೆ ಹೋದೆವು. ಮಾಮಾ ಬೆಲ್ಟ್ ಕಟ್ಟಿ, ನನ್ನ ಕಂಕುಳ ಕೆಳಗೆ ಇನ್ನೊಂದು ಹಗ್ಗ ಹಾಕಿ ಅದರ ತುದಿಯನ್ನು ತಾವೇ ಹಿಡಿದರು. ನಮ್ಮ ಕಡೆ ಹೊಸಬರನ್ನು ಬಾವಿಗೆ ಇಳಿಸುವುದೇ ಹಾಗೆ.

ದೊಡ್ಡವ್ವ ಮೆಟ್ಟಿಲ ಮೇಲೆ ಕೂತು ಶುರು ಮಾಡಿದಳು. “ಈಜಾಕ ಕಲಿಯೋರು ಬೆನ್ನಿಗೆ ಡಬ್ಬಿ ಕಟ್ಕೋತಾರ. ನೀ ಮುಳುಗಾಕ ಸೀಸ ಕಟ್ಕೊಂಡೀ ಏನ್ ಬೇ?”

ಮಾಮಾ ಗಂಟು ತಟ್ಟಿ ಎದೆಯುಬ್ಬಿಸಿದರು. “ನಾಕು ಎತ್ತು ಜಗ್ಗಿದ್ರೂ ಬಿಚ್ಚಂಗಿಲ್ಲ ನೋಡವಾ!”

ಅಯ್ಯೋ... ಷರತ್ತನ್ನು ಅವರಿಗೆ ಹೇಳಿಯೇ ಇರಲಿಲ್ಲ. ಆ ಮುಖದ ಖುಷಿ ನೋಡಿ ಆಗಲೂ ಸುಮ್ಮನಾದೆ.

ಮಾಸ್ಕ್ ಹಾಕಿ, ಉಸಿರು ಹಿಡಿದು ಇಳಿದೆ. ಚೆನ್ನಾಗಿಯೇ ಮುಳುಗಿದೆ!

ಬಿಚ್ಚಲು ಹೋದರೆ ನೂಲು ನೆನೆದು ಗಂಟು ಇನ್ನೂ ಬಿಗಿದಿದೆ. ಉಸಿರು ಮುಗಿಯುತ್ತಿದೆ... ಹಗ್ಗ ಎರಡು ಸಲ ಜಗ್ಗಿದೆ. ಮಾಮಾ ಕರು ಎಳೆದ ಹಾಗೆ ಮೆಟ್ಟಿಲಿಗೆ ಎಳೆದು ಹಾಕಿದರು.

ಕೆಮ್ಮುತ್ತಲೇ ಷರತ್ತು ಹೇಳಿದೆ. ಮಾಮಾನ ಮುಖ ಬಿಳಿಚಿತು. ಆಮೇಲೆ ಬೈಗುಳ ಸರಿಯಾಗಿ ಬಿತ್ತು!

“ಮೊದ್ಲ ಹೇಳಾಕ ಏನ್ ಧಾಡಿ ಆಗಿತ್ತು? ಗ್ವಾದ್ಲ್ಯಾಗ ಮೇವು ತಿನ್ನಾಕ ಕಟ್ಟೋ ಗಂಟು ಬ್ಯಾರೆ, ನೊಗಕ್ಕ ಕಟ್ಟೋ ಗಂಟು ಬ್ಯಾರೆ! ಗಾಡಿ ಪಲ್ಟಿ ಆದ್ರ ಒಂದ ಜಗ್ಗಿಗೆ ಬಿಚ್ಚಬೇಕು, ಇಲ್ಲಾಂದ್ರ ಎತ್ತು ಸಾಯ್ತದ. ಆ ಗಂಟ ಹಾಕ್ತಿದ್ನಲ್ಲ!”

ಒದ್ದೆ ಗಂಟು ಬಿಚ್ಚಲು ಅವರಿಗೇ ಹತ್ತು ನಿಮಿಷ ಹಿಡಿಯಿತು. ನೊಗದ ಗಂಟು ಹಾಕಿ, ಮೊದಲು ಮೆಟ್ಟಿಲ ಮೇಲೆಯೇ ಐದು ಸಲ ನನ್ನ ಕೈಯಲ್ಲಿ ಎಳೆಸಿದರು.

ಮತ್ತೆ ಇಳಿದೆ. ಒಂದು ಕೈ, ಒಂದು ಎಳೆತ... ಬೆಲ್ಟ್ ಜಾರಿತು, ನಾನು ಬುಳಕ್ಕನೆ ಮೇಲೆ ಬಂದೆ! ದೊಡ್ಡವ್ವ ಸಿಳ್ಳೆ ಹೊಡೆಯುವುದೊಂದು ಬಾಕಿ.

ಮಾಮಾ ಮಾತ್ರ ನೀರನ್ನೇ ನೋಡುತ್ತಾ ಕೇಳಿದರು. “ಸೀಸ ಎಲ್ಲಿ ಅದವಾ?”

ಬೆಲ್ಟ್ ಇನ್ನೂ ಬಾವಿಯ ತಳದಲ್ಲಿದೆ, ನಾನು ಮೇಲಿದ್ದೇನೆ... ಟೆಸ್ಟ್ ಪಾಸ್ ತಾನೇ ಫ್ರೆಂಡ್ಸ್?